ನಲವತ್ತಕ್ಕೆ ಕಮ್ಮಿ, ಎಪ್ಪತ್ತೈದಕ್ಕೂ ಕಮ್ಮಿ

ಅಂಗವೈಕಲ್ಯ ಶೇಕಡಾ 40ರಿಂದ ಶುರುವಾಗುತ್ತದೆ. 39ರವರೆಗೆ ಅದು ಸೋಮಾರಿತನ. ಹಾಜರಾತಿ ಶೇಕಡಾ 75ರಿಂದ ಶುರುವಾಗುತ್ತದೆ. 74ರವರೆಗೆ ಅದು ಉಡಾಳತನ. ಈ ಎರಡು ಅಂಕಿ ಬಾಯಿಪಾಠ ಬಂದವರಿಗೆ ನಮ್ಮ ಉನ್ನತ ಶಿಕ್ಷಣದ ತತ್ವವೆಲ್ಲ ಬಂದಂತೆ. ಮಿಕ್ಕಿದ್ದು ಸಿಲೆಬಸ್.

ಅಮ್ಮಿನಬಾವಿ ಧಾರವಾಡದಿಂದ ಸವದತ್ತಿ ರಸ್ತೆಯಲ್ಲಿ ಹತ್ತು-ಹನ್ನೆರಡು ಕಿಲೋಮೀಟರ್. ಹಿರೇಮಠ, ಬಸದಿ, ಹಳೆ ಶಾಸನ ಎಲ್ಲ ಇರುವ ಊರು. ಹುಬ್ಬಳ್ಳಿ-ಧಾರವಾಡದ ಮಂದಿ ನಳ ತಿರುವಿದಾಗ ಬರುವ ಮಲಪ್ರಭೆಯ ನೀರು ಸವದತ್ತಿಯಿಂದ ಹೊರಟು, ಇಲ್ಲಿ ಶುದ್ಧವಾಗಿ, ನಗರಕ್ಕೆ ಇಳಿಯುತ್ತದೆ. ನಗರದ ಎಷ್ಟೋ ಓಣಿಗಳಲ್ಲಿ ಅದು ವಾರಕ್ಕೊಮ್ಮೆ ಹಾಜರಿ ಹಾಕುತ್ತದೆ. ಆದರೂ ಅದನ್ನು ಯಾರೂ ಡಿಟೇನ್ ಮಾಡಿದ್ದಿಲ್ಲ. ಬಂದ ದಿನ ಕೊಡ ಹಿಡಿದು ಸಾಲಾಗಿ ನಿಂತು ಸ್ವಾಗತಿಸುತ್ತಾರೆ.

ಅದೇ ಊರಿನಿಂದ ಅದೇ ನಗರಕ್ಕೆ ಹೋಗುವ ಇಬ್ಬರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳಿ. ಒಬ್ಬ ಹುಡುಗ, ಒಬ್ಬ ಹುಡುಗಿ. ಇಬ್ಬರೂ ನಿಜವಲ್ಲ, ನಿಜವಾಗಿದ್ದರೆ ಹೆಸರುಗಳು ಶಾರ್ಟೇಜ್ ಲಿಸ್ಟಿನಲ್ಲಿ ಸಿಗುತ್ತಿದ್ದವು, ನಾನು ಹೇಳಬೇಕಿರಲಿಲ್ಲ. ಅವರ ವಿಶ್ವವಿದ್ಯಾಲಯವೂ ಕಲ್ಪನೆಯದೇ. ಅವಳಿ ನಗರದಲ್ಲಿ ನಿಜವಾದವು ಬೇಕಾದಷ್ಟಿವೆ: 1949ರ ಕರ್ನಾಟಕ ವಿಶ್ವವಿದ್ಯಾಲಯ, 1986ರ ಕೃಷಿ ವಿಶ್ವವಿದ್ಯಾಲಯ, 2009ರ ಕಾನೂನು ವಿಶ್ವವಿದ್ಯಾಲಯ, 2016ರಲ್ಲಿ ಬಂದ ಐಐಟಿ. ಇವುಗಳಲ್ಲಿ ಯಾವುದರ ಮೇಲೂ ನಾನು ಬೆರಳು ತೋರಿಸುತ್ತಿಲ್ಲ. ನಾನು ಹೇಳುವ ಕಚೇರಿ ಗಾಳಿಯಲ್ಲಿದೆ. ಅಲ್ಲಿ ಒಬ್ಬ ಗುಮಾಸ್ತರಿದ್ದಾರೆ, ಅವರ ಮುಂದೆ ಒಂದು ಕಿಟಕಿ, ಕಿಟಕಿಯ ಮೇಲೆ ‘ಊಟದ ವೇಳೆ’ ಎಂಬ ಫಲಕ.

ಮೊದಲು ಹುಡುಗ. ಅವನ ಬಲಗೈ ಬೆರಳು ಅವನ ಮಾತು ಕೇಳುವುದಿಲ್ಲ. ಚಹಾದ ಕಪ್ಪು ಹಿಡಿಯಬಲ್ಲ, ಮೊಬೈಲ್ ಒತ್ತಬಲ್ಲ. ಪೆನ್ನು ಹಿಡಿದು ಹತ್ತು ನಿಮಿಷವಾದರೆ ಅಕ್ಷರಗಳು ಗೆರೆ ಬಿಟ್ಟು ಓಡಲು ಶುರು ಮಾಡುತ್ತವೆ. ವೈದ್ಯಕೀಯ ಮಂಡಳಿ ಆ ಕೈಯನ್ನು ಮಡಚಿ ಬಿಚ್ಚಿ ನೋಡಿ 38 ಎಂದು ಬರೆಯಿತು. ಎರಡು ಅಂಕ ಕಮ್ಮಿ. ಪೇಪರಿನಲ್ಲಿ 38 ಬಿದ್ದರೆ ಗ್ರೇಸ್ ಹಾಕುವ ಪದ್ಧತಿಯಾದರೂ ಉಂಟು. ಮೈಯ ಪರೀಕ್ಷೆಯಲ್ಲಿ ಗ್ರೇಸ್ ಇಲ್ಲ, ಮರುಮೌಲ್ಯಮಾಪನಕ್ಕೆ ಮತ್ತೆ ಮೊದಲಿಂದ ಸಾಲು ಹಚ್ಚಬೇಕು. 2024ರ ನಿಯಮಗಳ ಪ್ರಕಾರ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡಿಗೆ ಬಣ್ಣಗಳೂ ಬಂದಿವೆ. ನಲವತ್ತರ ಕೆಳಗಿದ್ದರೆ ಬಿಳಿ, ಅಲ್ಲಿಂದ ಎಂಬತ್ತರ ತನಕ ಹಳದಿ, ಅದರ ಮೇಲೆ ನೀಲಿ. ಹುಡುಗನದು ಬಿಳಿ. ತೊಂದರೆ ಇದೆಯೆಂದು ಸರಕಾರ ಒಪ್ಪಿದೆ, ಬಣ್ಣ ಹಚ್ಚುವಷ್ಟು ಇಲ್ಲ ಅಂತ.

ಕಾನೂನಿನ ಬಗ್ಗೆ ಯಾರೂ ಕೆಟ್ಟದ್ದು ಆಡುವ ಹಾಗಿಲ್ಲ. 1995ರ ಹಳೆ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ 21. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ-ಮೂರನೇ ಭಾಷೆಯಿಂದ ವಿನಾಯಿತಿ ಎಲ್ಲ ಅದರ 17ನೇ ಕಲಮಿನಲ್ಲೇ ಇದೆ. ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇಕಡಾ 5 ಸೀಟು, ವಯಸ್ಸಿನಲ್ಲಿ ಐದು ವರ್ಷದ ಸಡಿಲಿಕೆ 32ನೆಯದರಲ್ಲಿ. ಇಷ್ಟು ಚೆಂದದ ಕಾಯ್ದೆಯನ್ನು ಬಳಸಿ ಹೊಲಸು ಮಾಡುವುದು ಬೇಡವೆಂದು ಬಹಳಷ್ಟು ಕಚೇರಿಗಳು ಅದನ್ನು ಗೋಡೆಗೆ ಫ್ರೇಮ್ ಹಾಕಿಸಿ ತೂಗು ಹಾಕಿವೆ. ಪಕ್ಕದಲ್ಲೇ ಮಾಹಿತಿ ಹಕ್ಕಿನ ಫಲಕ. ಎರಡರ ಮೇಲೂ ದೂಳು ಸಮಾನವಾಗಿ ಕೂತಿದೆ. ಆ ಮಟ್ಟಿಗೆ ತಾರತಮ್ಯವಿಲ್ಲ.

ನಲವತ್ತಕ್ಕೆ ಕಮ್ಮಿ ಇದ್ದವರ ಗತಿ ಏನು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ವಿಕಾಸ್ ಕುಮಾರ್ ಎಂಬವರಿಗೆ ಬರೆಯಲು ಹೋದರೆ ಕೈ ಸೆಟೆದುಕೊಳ್ಳುವ ತೊಂದರೆ. ನಿಗದಿತ ಮಟ್ಟದ ವೈಕಲ್ಯ ನಿಮಗಿಲ್ಲವಾದ್ದರಿಂದ ಬರೆಯುವ ಸಹಾಯಕರನ್ನು ಕೊಡುವುದಿಲ್ಲ ಎಂದು ಯುಪಿಎಸ್‌ಸಿ ಹೇಳಿತ್ತು. 2021ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ ಬಿಡಿಸಿ ಹೇಳಿತು: ಶೇಕಡಾ 40 ಇರುವುದು ಮೀಸಲಾತಿಯಂಥ ಸೌಲಭ್ಯಗಳಿಗೆ. ಬರೆಯಲು ಆಗದವನಿಗೆ ಬರೆದುಕೊಡುವವರನ್ನು ಕೊಡುವುದಕ್ಕೆ ಆ ಅಳತೆಗೋಲು ಹಚ್ಚಬೇಡಿ. 2022ರಲ್ಲಿ ಕೇಂದ್ರ ಸರಕಾರ ಮಾರ್ಗಸೂಚಿಯನ್ನೂ ತಂದಿತು. 2025ರ ಫೆಬ್ರುವರಿಯಲ್ಲಿ ಗುಲ್ಶನ್ ಕುಮಾರ್ ಪ್ರಕರಣದಲ್ಲಿ ಕೋರ್ಟು ಹೆಚ್ಚುಕಮ್ಮಿ ಅದೇ ಪಾಠವನ್ನು ಇನ್ನೊಮ್ಮೆ ಮಾಡಬೇಕಾಯಿತು. ನಾಲ್ಕು ವರ್ಷಕ್ಕೆ ಅದೇ ಪಾಠ ರಿಪೀಟ್ ಆಗುತ್ತದೆಯೆಂದರೆ ತರಗತಿಯಲ್ಲಿ ಫೇಲಾಗಿ ಕೂತವರು ಯಾರೆಂದು ಊಹಿಸಬಹುದು.

ಹುಡುಗ ತೀರ್ಪಿನ ಪ್ರತಿಯನ್ನು ಪ್ರಿಂಟ್ ತೆಗೆಸಿಕೊಂಡು ಕಿಟಕಿಗೆ ಹೋದ.

“ಇದು ಯುಪಿಎಸ್‌ಸಿಗೆ ಹೇಳಿದ್ದು ತಮ್ಮಾ. ನಮಗ ಸೆಪರೇಟ್ ಸರ್ಕ್ಯುಲರ್ ಬರಬೇಕು.”

“ಸುಪ್ರೀಂ ಕೋರ್ಟ್ ಐತ್ರಿ ಸರ.”

“ಇರಲಿ ಬಿಡು. ಅವರೂ ದೊಡ್ಡವರ. ಆದ್ರ ಇನ್‌ವರ್ಡ್ ನಂಬರ್ ಇಲ್ಲ ನೋಡು ಇದರ ಮ್ಯಾಲ.”

ಗುಮಾಸ್ತರದು ಮೃದು ಸ್ವಭಾವ. ದಾರಿ ತೋರಿಸದೆ ಕಳಿಸುವವರಲ್ಲ. ಬರೆಯಲು ಕಷ್ಟವಿದೆ ಎಂದು ತಜ್ಞರ ಸಮಿತಿಯಿಂದ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ, ಅದಕ್ಕೆ ಮೊದಲು ಅರ್ಜಿ, ಅರ್ಜಿಗೆ ಮೊದಲು ವಿಭಾಗದ ಮುಖ್ಯಸ್ಥರ ಪತ್ರ, ಆ ಪತ್ರ ಕೋರಿ ಸ್ವಹಸ್ತಾಕ್ಷರದಲ್ಲಿ ವಿನಂತಿ, ಪ್ರತಿಯೊಂದೂ ಮೂರು ಪ್ರತಿಗಳಲ್ಲಿ. ಬರೆಯಲು ಬರುವುದಿಲ್ಲವೆಂದು ಸಾಬೀತು ಮಾಡಲು ಇಷ್ಟು ಬರೆಯಬಲ್ಲವನು ಪರೀಕ್ಷೆಯನ್ನೇಕೆ ಬರೆಯಲಾರ ಎಂಬುದು ಆಮೇಲೆ ಸಮಿತಿ ಎತ್ತಬಹುದಾದ ನ್ಯಾಯವಾದ ಆಕ್ಷೇಪ.

ಇದೆಲ್ಲ ಹೇಗೋ ದಾಟಿದ ಮೇಲೆ ಬರೆದುಕೊಡುವವರನ್ನು ಹುಡುಕುವ ಕೆಲಸ. 2013ರ ಮಾರ್ಗಸೂಚಿ ಅವರ ಓದು, ವಯಸ್ಸು, ಅಂಕದ ಬಗ್ಗೆ ಷರತ್ತು ಹಾಕಬೇಡಿ ಎಂದಿತ್ತು. 2018ರಲ್ಲಿ ಅದನ್ನು ತಿದ್ದಿ, ಅಭ್ಯರ್ಥಿ ತಾನೇ ಕರೆತರುವ ಬರಹಗಾರ ಅವನಿಗಿಂತ ಓದಿನಲ್ಲಿ ಒಂದು ಮೆಟ್ಟಿಲು ಕೆಳಗಿರಬೇಕು ಎಂದು ಮಾಡಿದರು. ಕಣ್ಣಿರುವ, ಕೈ ನೆಟ್ಟಗಿರುವ ಹುಡುಗರು ಅಂಗಿಯ ತೋಳಿನಲ್ಲಿ ಚೀಟಿ ತರುವುದು ವಿಶ್ವವಿದ್ಯಾಲಯಕ್ಕೆ ಗೊತ್ತಿದೆ, ಅದಕ್ಕೆ ಸ್ಕ್ವಾಡ್ ಇದೆ. ಕಣ್ಣಿಲ್ಲದವನು ಒಂದು ಇಡೀ ಮನುಷ್ಯನನ್ನೇ ಚೀಟಿಯಾಗಿ ತಂದರೆ? ಆ ದಿಗಿಲಿಗೆ ಈ ಮೆಟ್ಟಿಲು. ಗದುಗಿನ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದೆಯೇ ಹತ್ತಾರು ವಾದ್ಯ ನುಡಿಸಿ, ಕನ್ನಡ-ಹಿಂದಿ-ಸಂಸ್ಕೃತದಲ್ಲಿ ಗ್ರಂಥ ರಚಿಸಿ, 2010ರಲ್ಲಿ ಪದ್ಮಭೂಷಣ ಪಡೆದವರು, ಇವತ್ತು ಪರೀಕ್ಷೆಗೆ ಕೂತಿದ್ದರೆ ಮಾತ್ರ ತೊಡಕಿರಲಿಲ್ಲ. ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರು ಬೇಕೆಂದರೆ ಕುಲಪತಿಗಳಿಂದ ಹಿಡಿದು ಎಲ್ಲರೂ ಅರ್ಹರು.

ನಮ್ಮ ಹುಡುಗ ಓದುವುದು ಕನ್ನಡ ಎಂ.ಎ. ಅವನಿಗೆ ಸಿಕ್ಕದ್ದು ಬಿ.ಎಸ್ಸಿ. ಕಲಿಯುವ ಪಕ್ಕದ ಓಣಿಯ ಪೋರ. ಒಳ್ಳೆಯ ಹುಡುಗ, ಚಹಾ-ಚುರಮುರಿಯ ಮೇಲೆ ಒಪ್ಪಿಕೊಂಡ. ಪರೀಕ್ಷೆಯಲ್ಲಿ ಇವನು ‘ಕವಿರಾಜಮಾರ್ಗ’ ಎಂದ. ಅವನು ಪೆನ್ನು ನಿಲ್ಲಿಸಿ, “ಯಾವ ಊರ ಮಾರ್ಗದ ಬಸ್ಸೋ ಅದು?” ಎಂದ. ‘ನೃಪತುಂಗ’ ಹೇಳಿಕೊಡುವುದಕ್ಕೆ ನಾಲ್ಕು ನಿಮಿಷ, ‘ವಡ್ಡಾರಾಧನೆ’ಗೆ ಮೂರು. ತಾಸಿಗೆ ಕನಿಷ್ಠ 20 ನಿಮಿಷದಂತೆ ಮೂರು ತಾಸಿನ ಪೇಪರಿಗೆ ಒಂದು ತಾಸು ಹೆಚ್ಚುವರಿ ಸಮಯ ಸಿಗಬೇಕೆಂಬುದು ನಿಯಮ. ಆ ತಾಸು ಪೂರ್ತಿ ಕಾಗುಣಿತಕ್ಕೆ ಹೋಯಿತು. ಅಷ್ಟರಲ್ಲಿ ಸಿಪಾಯಿ ಬಂದು ಒಂದೊಂದೇ ಕಿಟಕಿ ಮುಚ್ಚತೊಡಗಿದ್ದ. ಫ್ಯಾನ್ ಆರಿತು. ಮೇಲ್ವಿಚಾರಕರು ಮೂರು ಸಲ ಗಡಿಯಾರ ನೋಡಿ, ನಾಲ್ಕನೇ ಸಲ ಹುಡುಗನನ್ನು ನೋಡಿದರು. ಯಾರೂ ಪೇಪರ್ ಕಸಿದುಕೊಳ್ಳಲಿಲ್ಲ, ಬೈಯಲಿಲ್ಲ. ಕೊಡುವ ತಾಸನ್ನು ಹೀಗೂ ಕೊಡಬಹುದು.

ಕಟ್ಟಡಗಳ ಮಾತು ಬೇಗ ಮುಗಿಸುತ್ತೇನೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಬೇಕೆಂಬುದು ರ‍್ಯಾಂಪಿನ ಲೆಕ್ಕ. ಆದರೆ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರಲು ಹದಿನೈದು ದಿನವಿದ್ದಾಗ ಕಟ್ಟುವ ರ‍್ಯಾಂಪಿಗೆ ಲೆಕ್ಕವಿರುವುದಿಲ್ಲ, ಬಣ್ಣವಿರುತ್ತದೆ. ಅದರ ಫೋಟೋ ಜಿಯೋ ಟ್ಯಾಗ್ ಸಮೇತ ವರದಿಗೆ ಏರುತ್ತದೆ; ವರದಿಗೆ ಏರಲು ರ‍್ಯಾಂಪು ಬಹಳ ಅನುಕೂಲ. ಗಾಲಿಕುರ್ಚಿಯೂ ಒಂದಿದೆ, ಸ್ಟೋರ್ ರೂಮಿನಲ್ಲಿ, ಪ್ಲಾಸ್ಟಿಕ್ ತೆಗೆದಿಲ್ಲ. ಉಳಿದ ದಿನ ರ‍್ಯಾಂಪಿನ ಮೇಲೆ ಸ್ಕೂಟರುಗಳು ನಿಲ್ಲುತ್ತವೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಪ್ಲಾಟ್‌ಫಾರ್ಮಿಗೂ ಬಸ್ಸಿಗೂ ಒಂದೇ ಎತ್ತರ, ಕಾಲೆತ್ತದೆ ಒಳಗೆ ಹೋಗಬಹುದು. ಒಳ್ಳೆಯದೇ ಮಾಡಿದ್ದಾರೆ. ಅಮ್ಮಿನಬಾವಿಯ ಬಸ್ಸಿಗೆ ಮಾತ್ರ ಮೆಟ್ಟಿಲೇ ಇರುವುದು; ಹಳ್ಳಿಯ ಮಂದಿ ಗಟ್ಟಿ ಎಂಬ ನಂಬಿಕೆ ಯೋಜನಾ ಇಲಾಖೆಗಳಲ್ಲಿ ಇನ್ನೂ ಜೀವಂತವಾಗಿದೆ.

ಇನ್ನು ಹುಡುಗಿಯ ವಿಷಯ. ಹುಡುಗನಿಗಾದರೂ 38 ಎಂಬ ಒಂದು ಅಂಕಿಯಿದೆ, ಬಿಳಿ ಕಾರ್ಡಿದೆ, ಕೋರ್ಟಿನ ತೀರ್ಪಿದೆ. ಇವಳ ಬಳಿ ಇರುವುದು ಒಬ್ಬ ಅಜ್ಜಿ.

ಅಜ್ಜಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದಿದೆ. ಅವ್ವ ಬೆಳಿಗ್ಗೆ ಕೂಲಿಗೆ ಹೋಗುತ್ತಾಳೆ, ಅಪ್ಪ ದುಡಿಯಲು ದೂರದೂರಿಗೆ. ಅಜ್ಜಿಗೆ ಹಲ್ಲುಜ್ಜಿಸಿ, ಮೈ ಒರೆಸಿ, ರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗೆ ಮಾಡಿ ಉಣಿಸಿ, ಗುಳಿಗೆ ನುಂಗಿಸಿ, ಮಗ್ಗುಲು ಬದಲಿಸಿ ಮೊಮ್ಮಗಳು ಬಸ್ ಹಿಡಿಯುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತದೆ. ಕೆಲವು ದಿನ ಬಸ್ ಹಿಡಿಯುವುದೇ ಆಗುವುದಿಲ್ಲ. ಸೆಮಿಸ್ಟರ್ ಕೊನೆಗೆ ಹಾಜರಾತಿ 61.

“ಹದಿನಾಕು ಕಮ್ಮಿ ಅದಾವ ತಂಗಿ. ಮೆಡಿಕಲ್ ಸರ್ಟಿಫಿಕೇಟ್ ತಂದೀ?”

“ತಂದೇನ್ರಿ ಸರ.”

“ಇದರಾಗ ನಿನ್ನ ಹೆಸರಿಲ್ಲಲ್ಲವಾ.”

“ನಮ್ಮ ಆಯೀದ್ರಿ. ಆಕಿಗೆ ಲಕ್ವಾ ಹೊಡದೈತ್ರಿ.”

ಗುಮಾಸ್ತರು ಕನ್ನಡಕ ತೆಗೆದು, ಬಹಳ ಹೊತ್ತು ಯೋಚಿಸಿ, ಕನಿಕರದಿಂದಲೇ ಹೇಳಿದರು: “ಹಂಗಾದ್ರ ನಿಮ್ಮ ಆಯೀಗೆ ಅಟೆಂಡನ್ಸ್ ಕೊಡಬಹುದು. ನಿನಗ ಹೆಂಗ ಕೊಡೂದು?”

ನಿಯಮದ ಪ್ರಕಾರ ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಶಾರ್ಟೇಜ್ ಮನ್ನಾ ಮಾಡುವ ಕಾರಣಗಳು ಎಲ್ಲೆಡೆ ಹೆಚ್ಚುಕಮ್ಮಿ ಒಂದೇ: ಸ್ವಂತ ಕಾಯಿಲೆ, ಎನ್‌ಸಿಸಿ, ಎನ್ಎಸ್ಎಸ್, ಕ್ರೀಡೆ, ಯುವಜನೋತ್ಸವ. ವಿಶ್ವವಿದ್ಯಾಲಯದ ಪರವಾಗಿ ಕಬಡ್ಡಿಯಲ್ಲಿ ಬೇರೊಬ್ಬರ ಕಾಲೆಳೆದರೆ ಹಾಜರಿ. ಮನೆಯಲ್ಲಿ ಅಜ್ಜಿಯ ಕಾಲು ತಿಕ್ಕಿದರೆ ಗೈರು. ಯುವಜನೋತ್ಸವದ ಏಕಾಂಕ ನಾಟಕದಲ್ಲಿ ಈ ಹುಡುಗಿ ಲಕ್ವಾ ಹೊಡೆದ ಅಜ್ಜಿಯ ಸೇವೆ ಮಾಡುವ ಮೊಮ್ಮಗಳ ಪಾತ್ರ ಮಾಡಿದರೆ, ತಾಲೀಮಿನ ದಿನಗಳೂ ಸೇರಿ ಹಾಜರಿ ಸಿಗುವ ಸಾಧ್ಯತೆ ಇದೆ. ಬಹುಮಾನ ಬಂದರೆ ಕುಲಪತಿಗಳ ಜೊತೆ ಫೋಟೋ.

ಯುಜಿಸಿ ಈ ವಿಷಯದಲ್ಲಿ ಕಣ್ಣು ಮುಚ್ಚಿ ಕೂತಿದೆ ಎನ್ನಲಾಗದು. ಸಂಶೋಧನೆ ಮಾಡುವ ಮಹಿಳೆಯರಿಗೆ ಹೆರಿಗೆ ಮತ್ತು ಶಿಶುಪಾಲನೆಗೆಂದು 240 ದಿನಗಳ ರಜೆ ಇದೆ. ಪಿಎಚ್‌.ಡಿ. ಮುಗಿಸಲು ಮಹಿಳೆಯರಿಗೂ ಶೇಕಡಾ 40 ಮೀರಿದ ವೈಕಲ್ಯವಿರುವವರಿಗೂ ಎರಡು ವರ್ಷ ಹೆಚ್ಚುವರಿ. 2021ರ ಡಿಸೆಂಬರಿನಲ್ಲಿ ಪದವಿ, ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆಯ ಕಾರಣಕ್ಕೆ ಹಾಜರಾತಿಯಲ್ಲಿ ಸಡಿಲಿಕೆ ಕೊಡುವ ನಿಯಮ ಮಾಡಿಕೊಳ್ಳಿ ಎಂದು ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿದೆ. ಬೇಕಾಗಿದ್ದದ್ದೇ. ಹೆತ್ತರೆ ರಜೆಯುಂಟು ಎಂದಾಯಿತು. ಹೆತ್ತವಳನ್ನು ಹೆತ್ತವಳ ಹಾಸಿಗೆಯ ಪಕ್ಕ ಕೂತರೆ ಮಾತ್ರ ಇಲ್ಲ.

ಇಲ್ಲಿ ಇನ್ನೊಂದು ಕಾಯ್ದೆ ಅಡ್ಡ ಬರುತ್ತದೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ ಪ್ರಕಾರ, ನೋಡಿಕೊಳ್ಳಬೇಕಾದವರೇ ಹಿರಿಯ ನಾಗರಿಕರನ್ನು ಕೈಬಿಟ್ಟು ಎಲ್ಲಾದರೂ ತೊರೆದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಂದರೆ ಅಜ್ಜಿಯನ್ನು ಬಿಟ್ಟರೆ ಮೂರು ತಿಂಗಳು ಹೋಗುತ್ತದೆ, ಬಿಡದಿದ್ದರೆ ಆರು ತಿಂಗಳ ಸೆಮಿಸ್ಟರ್. ಲೆಕ್ಕ ಬಲ್ಲ ಯಾವ ವಿದ್ಯಾರ್ಥಿನಿಯೂ ಜೈಲನ್ನೇ ಆರಿಸಿಕೊಳ್ಳಬೇಕು. ಅಲ್ಲಿ ಬೆಳಿಗ್ಗೆ-ಸಂಜೆ ಹಾಜರಿ ಕರೆಯುತ್ತಾರೆ, ಶೇಕಡಾ ನೂರು ಗ್ಯಾರಂಟಿ. ರಾಜ್ಯ ಸರಕಾರದಲ್ಲಿ ‘ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ’ ಎಂದು ಇಬ್ಬರಿಗೂ ಸೇರಿ ಒಂದೇ ಇಲಾಖೆ. ಇಬ್ಬರನ್ನೂ ಎಬ್ಬಿಸಿ ಕೂರಿಸುವ ಹುಡುಗಿಗೆ ಯಾವ ಇಲಾಖೆಯ ಬಾಗಿಲೂ ಇಲ್ಲ. ಆಕೆ ಫಲಾನುಭವಿಯಲ್ಲ, ಬರೀ ಮೊಮ್ಮಗಳು.

ಬೇರೆ ದೇಶಗಳಲ್ಲಿ ಹೇಗೆ ಎಂದು ಯಾರೋ ಗುಮಾಸ್ತರಿಗೆ ಹೇಳಿದರು. ಆಸ್ಟ್ರೇಲಿಯಾದಲ್ಲಿ ಮನೆಯವರ ಆರೈಕೆ ಮಾಡುವವರನ್ನು ಗುರುತಿಸಲೆಂದೇ 2010ರಲ್ಲಿ ಕಾನೂನು ಬಂತಂತೆ. ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ಅಂಥ ವಿದ್ಯಾರ್ಥಿಗಳಿಗೂ ವೈಕಲ್ಯವಿರುವವರಿಗೆ ಕೊಡುವ ಹಾಗೆಯೇ ಅಸೈನ್‌ಮೆಂಟಿನ ಗಡುವು, ಪರೀಕ್ಷೆಯ ದಿನ ಹೊಂದಿಸಿಕೊಡುತ್ತವಂತೆ. ಗುಮಾಸ್ತರು ನಕ್ಕರು. “ಅಲ್ಲಿ ಸೊಸೆಯಂದ್ರ ಇಲ್ಲ ನೋಡ್ರಿ, ಅದಕ್ಕ ಪಾಪ ಕಾನೂನು ಮಾಡ್ಕೊಂಡಾರ. ನಮ್ಮಲ್ಲಿ ಸಂಸ್ಕೃತಿ ಐತಿ.”

ಸಂಸ್ಕೃತಿ ಇರುವುದು ಹೌದು. ಬೆಳಿಗ್ಗೆ ಐದಕ್ಕೆ ಎದ್ದು ಅದರ ಮೈ ಒರೆಸುವವಳು ಅಮ್ಮಿನಬಾವಿಯ ಹುಡುಗಿ. ಹನ್ನೊಂದಕ್ಕೆ ಕುರ್ಚಿಯಲ್ಲಿ ಕೂತು ಅದರ ಬಗ್ಗೆ ಹೆಮ್ಮೆಪಡುವವರು ಗುಮಾಸ್ತರು. ಕೆಲಸ ಹಂಚಿಕೆ ಸರಿಯಾಗಿಯೇ ಇದೆ. ವಿಭಾಗದ ಮುಖ್ಯಸ್ಥರು ಕೂಡ ಹಿರಿಯರ ದಿನಾಚರಣೆಯಲ್ಲಿ ಅವಿಭಕ್ತ ಕುಟುಂಬದ ಮೇಲೆ ಮುಕ್ಕಾಲು ತಾಸು ಮಾತಾಡಿದ್ದಾರೆ. ಹುಡುಗಿ ಕೇಳಲು ಬಂದಿರಲಿಲ್ಲ. ಗೈರು ಹಾಕಿದ್ದಾರೆ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ದಾರಿ ಎಲ್ಲರಿಗೂ ಗೊತ್ತಿದೆ, ಬಸ್ ಸ್ಟ್ಯಾಂಡಿನ ಹತ್ತಿರದ ದವಾಖಾನೆಯಲ್ಲಿದೆ. ಅಲ್ಲಿ ಸ್ವಂತ ಹೆಸರಿನಲ್ಲಿ ಟೈಫಾಯಿಡ್ ಸಿಗುತ್ತದೆ. ಎಷ್ಟು ದಿನದ್ದು ಬೇಕೋ ಅಷ್ಟು ದಿನದ್ದು, ಹಿಂದಿನ ತಾರೀಖಿಗೂ. ಅಜ್ಜಿಯ ಲಕ್ವಾ ಎಂಬ ನಿಜವನ್ನು ಕಿಟಕಿಯಲ್ಲಿ ಕೊಟ್ಟರೆ ತಿರಸ್ಕಾರ. ತನ್ನ ಟೈಫಾಯಿಡ್ ಎಂಬ ಸುಳ್ಳನ್ನು ಕೊಟ್ಟರೆ ಸಿಕ್ಕಾ ಬೀಳುತ್ತದೆ. ಸೆಮಿಸ್ಟರಿನ ಕೊನೆಯ ವಾರ ಕ್ಯಾಂಪಸ್ಸುಗಳಲ್ಲಿ ಟೈಫಾಯಿಡ್ ಈ ಪರಿ ಹಬ್ಬುವುದನ್ನು ಆರೋಗ್ಯ ಇಲಾಖೆ ಇನ್ನೂ ಗಮನಿಸಿಲ್ಲ. ಗಮನಿಸಿದರೆ ಮೊದಲು ಅಮ್ಮಿನಬಾವಿಯ ನೀರು ಶುದ್ಧೀಕರಣ ಘಟಕದ ಮೇಲೆಯೇ ಸಂಶಯ ಬರುತ್ತದೆ; ಆ ಪಾಪದ ಘಟಕಕ್ಕೆ ವಿಶ್ವವಿದ್ಯಾಲಯಗಳು ಒಂದು ಕ್ಷಮಾಪಣೆ ಪತ್ರ ಬರೆದಿಟ್ಟರೆ ಒಳ್ಳೆಯದು.

ನಮ್ಮ ಹುಡುಗಿ ಟೈಫಾಯಿಡ್ ತೆಗೆದುಕೊಳ್ಳಲು ಒಪ್ಪಲಿಲ್ಲ. ಆಕೆಗೆ ಇನ್ನೊಂದು ಉಪಾಯ ಹೊಳೆಯಿತು. 1969ರಿಂದ ನಡೆಯುತ್ತಿರುವ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಅದೇ ಎನ್ಎಸ್ಎಸ್‌ನ, ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ವಿದ್ಯಾರ್ಥಿಗಳು ಏಳು ದಿನ ಯಾವುದಾದರೂ ಹಳ್ಳಿಯಲ್ಲಿ ಬಿಡಾರ ಹೂಡಿ, ಗಟಾರ ಬಳಿದು, ಗಿಡ ನೆಟ್ಟು, ಹಿರಿಯರ ಯೋಗಕ್ಷೇಮ ವಿಚಾರಿಸಿ ಬರುತ್ತಾರೆ. ಅದಕ್ಕೆ ಹಾಜರಿ ಇದೆ, ಸರ್ಟಿಫಿಕೇಟಿದೆ. ಅಂದಮೇಲೆ ತಕರಾರು ಇರುವುದು ಅಜ್ಜಿಯ ಸೇವೆಯ ಬಗ್ಗೆ ಅಲ್ಲ, ಅಜ್ಜಿ ಸ್ವಂತದ್ದು ಎಂಬುದರ ಬಗ್ಗೆ. ಗರಗದಿಂದ ಬರುವ ಅವಳ ಗೆಳತಿಯ ಮನೆಯಲ್ಲೂ ಹಾಸಿಗೆ ಹಿಡಿದ ಅಜ್ಜಿಯಿದ್ದಾಳೆ, ಅವಳ ಹಾಜರಾತಿ 63. ಅಮ್ಮಿನಬಾವಿಯ ಹುಡುಗಿ ಗರಗಕ್ಕೆ ಹೋಗಿ ಅಲ್ಲಿನ ಅಜ್ಜಿಯನ್ನು ನೋಡಿಕೊಳ್ಳಲಿ. ಗರಗದ ಹುಡುಗಿ ಅಮ್ಮಿನಬಾವಿಗೆ ಬಂದು ಇಲ್ಲಿನ ಅಜ್ಜಿಯನ್ನು. ಇಬ್ಬರದೂ ಸಮಾಜಸೇವೆ. ಮಹಿಳೆಯರಿಗೆ ಬಸ್ಸು ಹೇಗೂ ಫ್ರೀ, ಶಕ್ತಿ ಯೋಜನೆ 2023ರಿಂದ ಇದೆ, ಯಾರಿಗೂ ನಯಾಪೈಸೆ ಖರ್ಚಿಲ್ಲ. ಪರೀಕ್ಷೆ ಮುಗಿದ ಮೇಲೆ ಅಜ್ಜಿಯರು ಅವರವರ ಮೊಮ್ಮಕ್ಕಳ ಪಾಲಿಗೆ.

ಅರ್ಜಿಯನ್ನು ಗುಮಾಸ್ತರು ಎರಡು ಸಲ ಓದಿದರು. ಈ ಸಲ ನಗಲಿಲ್ಲ. ಹೊಸ ಫೈಲು ತೆರೆದು, ಟ್ಯಾಗ್ ಹಾಕಿ, ‘ಅಜ್ಜಿ ವಿನಿಮಯ’ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದರು. ಇನ್‌ವರ್ಡ್ ನಂಬರನ್ನೂ ಕೊಟ್ಟರು. ಆಮೇಲೆ ಪೆನ್ನಿನ ತುದಿ ಕಚ್ಚಿಕೊಂಡು ಕೇಳಿದರು:

“ನಿಮ್ಮ ಆಯಿ ದಿನಕ್ಕ ಎಷ್ಟ ಗುಳಿಗಿ ತಗೋತಾಳ ತಂಗಿ?”

“ನಾಕು ಸರ.”

“ಗರಗದಾಕಿ?”

“ಎರಡರಿ.”

“ಸರಿಹೊಂದೂದಿಲ್ಲವಾ. ಎರಡು ಗುಳಿಗಿ ಡಿಫರೆನ್ಸ್ ಬರ್ತೈತಿ. ಆಡಿಟ್‌ನ್ಯಾಗ ಅಬ್ಜೆಕ್ಷನ್ ತಗೀತಾರ.”